ಆಂಗ್ವಿಶ್ ಎಂಬ ಪದ ಯಾರಿಗೆ?

ಮೇಷ್ಟ್ರ ಚಪ್ಪಲಿಯ ಹಿಮ್ಮಡಿ ಸವೆದು ಕಾಗದದಷ್ಟು ತೆಳ್ಳಗಾಗಿರುತ್ತಿತ್ತು. ಅವರು ಕೂತು ಪಾಠ ಹೇಳಿದವರೇ ಅಲ್ಲ. ಸಂಜೆಯಾದರೆ ಮತ್ತಿಕೆರೆಯಿಂದ ಯಶವಂತಪುರ ಸ್ಟೇಷನ್ನಿಗೆ ಬಿರಬಿರನೆ ನಡೆಯುವರು. ಪಕ್ಕದಲ್ಲಿ ನಾನು ಓಡಬೇಕು. ಪ್ಯಾಸೆಂಜರ್ ಗಾಡಿ ಬಂದು ಕೊನೆಯವನು ಇಳಿಯುವವರೆಗೂ ಗೇಟಿನ ಹತ್ತಿರ ನಿಂತು, ಆಮೇಲೆ ತಿರುಗುವರು. ಅವರ ತಮ್ಮನೊಬ್ಬ ಮನೆ ಬಿಟ್ಟು ರೈಲು ಹತ್ತಿ ಕಾಣೆಯಾದದ್ದು ಅಲ್ಲಿಂದಲೇ ಎಂದು ಊರಿಗೆಲ್ಲ ಗೊತ್ತಿತ್ತು. ಅವರೆದುರು ಯಾರೂ ಆ ಮಾತೆತ್ತುತ್ತಿರಲಿಲ್ಲ.

ನಾನು ಬಿ.ಎ. ಇಂಗ್ಲಿಷಿನಲ್ಲಿ ಒಮ್ಮೆ ಡುಮ್ಕಿ ಹೊಡೆದಿದ್ದೆ. "ಈ ಸಲಾನೂ ಇಂಗೇ ಆದ್ರೆ ಬುಕ್ಕು ಅಟ್ಟಕ್ಕಾಕಿ ನೇಗ್ಲು ಇಡ್ಕೊ," ಎಂದಿದ್ದರು ಅಪ್ಪ. ನಮ್ಮ ಮನೆಯಲ್ಲಿ ಹೈಸ್ಕೂಲು ದಾಟಿದವನೇ ನಾನೊಬ್ಬ. ಇಂಗ್ಲಿಷ್ ಹೇಳಿಕೊಡಿ ಎಂದು ಮೇಷ್ಟ್ರ ಹಿಂದೆ ಬಿದ್ದೆ.

ಅವರ ಕ್ರಮವೇ ಬೇರೆ. "ಡಿಕ್ಷನರಿ ಅರ್ಥ ಗಿಳೀನೂ ಒಪ್ಪಿಸುತ್ತೆ ಕಣೋ. ಈ ಪದಾನ ನಮ್ಮೂರಲ್ಲಿ ಯಾರಿಗೆ ಕೊಡ್ತೀಯ, ಅದನ್ನ ಹೇಳು." ಸ್ಟಬರ್ನ್, ಅಂದರೆ ಹಟಮಾರಿ, ಎಂಬುದನ್ನು ನಮ್ಮಪ್ಪನಿಗೆ ಕೊಟ್ಟಾಗ ನಡುರಸ್ತೆಯಲ್ಲಿ ನಿಂತು ನಕ್ಕರು. "ಅವರಿಗೆ ಹೇಳ್ಬಿಡ್ಬೇಡಪ್ಪ, ನನ್ನ ಕಾಫಿಗೆ ಹಾಲು ಬರೋದು ನಿಮ್ಮನೆಯಿಂದ."

ಆಂಗ್ವಿಶ್ ಬಂದಾಗ ಸಿಕ್ಕಿಬಿದ್ದೆ. ಮನಸ್ಸಿನ ತೀವ್ರ ನೋವು ಎಂದೆ.

"ಯಾರಿಗೆ?"

"ಪಕ್ಕದ್ಮನೆ ಅಜ್ಜಿಗೆ ಸಾರ್. ಗಂಡ ತೀರಿಕೊಂಡ್ರಲ್ಲ."

"ಅಲ್ಲ. ಆಕೆ ಅಳ್ತಾರೆ, ಕಣ್ಣೊರೆಸ್ಕೊಂಡು ಮುದ್ದೆ ತೊಳಸ್ತಾರೆ. ಅದು ದುಃಖ, ಇಂಗ್ಲಿಷಲ್ಲಿ ಸಾರೋ. ಬೇರೆಯವರನ್ನ ಹುಡುಕು."

ಮಾರನೆಯ ದಿನ ಹೇಳಿದೆ: "ನಮ್ಮಮ್ಮನಿಗೆ ಸಾರ್. ನಿನ್ನೆ ಮೇಯಕ್ಕೆ ಹೋದ ಹಸು ಬಂದಿಲ್ಲ. ಒಲೆ ಹಚ್ಚಿಲ್ಲ, ಬಾಗಿಲಿಗೂ ಕೆರೆ ಏರಿಗೂ ತಿರುಗ್ತಾನೇ ಇದ್ದಾಳೆ."

"ಹತ್ತಿರ ಬಂದೆ," ಎಂದವರ ನಡಿಗೆ ಇನ್ನೂ ಜೋರಾಯಿತು. "ಆದ್ರೆ ಹಸು ನಾಳೆ ಸಿಗುತ್ತೆ."

ಗಾಡಿ ಬಂತು. ಗೇಟು ದಾಟಿದ ಒಂದೊಂದು ಮುಖವನ್ನೂ ಮೇಷ್ಟ್ರು ನೋಡಿದರು. ಕೈಯಲ್ಲಿದ್ದ ಕೊಡೆಯ ಹಿಡಿಯನ್ನು ಹಿಂಡುವಂತೆ ತಿರುವುತ್ತಿದ್ದರು. ಗಾರ್ಡ್ ಹಸಿರು ಬಾವುಟ ಬೀಸಿದ. ಪ್ಲಾಟ್‌ಫಾರಂ ಬರಿದಾಯಿತು.

"ನಿಮಗೆ ಕೊಡ್ತೀನಿ ಸಾರ್," ಎಂದುಬಿಟ್ಟೆ.

ಬೈಯುತ್ತಾರೆಂದುಕೊಂಡೆ. ಅವರು ಹಳಿಗಳ ಕಡೆಗೇ ನೋಡುತ್ತಿದ್ದರು.

"ಸರಿ. ವಾಕ್ಯ ಮಾಡು."

ನಾನು ಇಂಗ್ಲಿಷ್ ಪದ ಜೋಡಿಸುವಷ್ಟರಲ್ಲಿ ಅವರೇ ಹೇಳಿದರು: "ಸತ್ತ ಅಂತ ಯಾರಾದ್ರೂ ಬಂದು ಹೇಳಿದ್ರೆ ಕೂತ್ಕೊಂಡು ಅಳಬಹುದು ಕಣೋ. ನಂಗೆ ಕೂರೋಕೇ ಆಗ್ತಿಲ್ಲ."

ಪರೀಕ್ಷೆಯಲ್ಲಿ ಆ ಪದ ಬರಲಿಲ್ಲ. ಪಾಸಾದೆ. ಹೆಸರಿನ ಮುಂದೆ ಬಿ.ಎ. ಎಂದು ಬರೆದುಕೊಳ್ಳಲು ನನಗೆ ಇವತ್ತಿಗೂ ಸಂಕೋಚವಿಲ್ಲ. ಆ ಎರಡಕ್ಷರ ನಡೆದು ಗಳಿಸಿದ್ದು.

ಕೆಲವು ವರ್ಷಗಳ ಮೇಲೆ ಮೇಷ್ಟ್ರು ತೀರಿಕೊಂಡರು. ತಮ್ಮ ಬಂದಿರಲೇ ಇಲ್ಲ. ಜಗಲಿಯ ಮೇಲೆ ಮಲಗಿಸಿದ್ದನ್ನು ನೋಡಿ ಅಪ್ಪ, "ಈವಯ್ಯ ಒಂದ್ಕಡೆ ಸುಮ್ಕಿದ್ದಿದ್ದು ಇವತ್ತೇ ಕಣ್ಲಾ ನಾನು ನೋಡಿದ್ದು," ಎಂದರು.

ಮಣ್ಣು ಮಾಡಿ ಬಂದೆವು. ಗಾಡಿಯ ಹೊತ್ತಾಗುತ್ತಲೇ ನನ್ನ ಕಾಲು ನಿಲ್ಲಲಿಲ್ಲ. ಸ್ಟೇಷನ್ನಿಗೆ ಹೋಗಿ ಗೇಟಿನ ಹತ್ತಿರ ನಿಂತೆ. ಅವರ ತಮ್ಮನ ಮುಖ ನಾನು ಕಂಡವನಲ್ಲ. ಆದರೂ ಕೊನೆಯವನು ಇಳಿಯುವವರೆಗೂ ನೋಡಿದೆ.