ಜಗಲಿ ಮ್ಯಾಲಿನ ಸೂಜಿ ಡಬ್ಬಿ

ಡಬ್ಬಿ ಮರತಾಕಿ ನಮ್ಮ ಸೊಸಿ ಅಲ್ಲ. ಓಣಿ ಮಂದಿ ಹಂಗ ಅಂತಾರ, ನನ್ನ ಮಗನೂ ಹಂಗ ಅಂದ, ಡಾಕ್ಟರ ಮುಂದ ಆಕಿ ತಾನೂ ಹಂಗ ಹೇಳಿದಳು. ಸುಳ್ಳು. ತಪ್ಪು ನಂದು. ಬಾಯಿಲೆ ಹೇಳಿದ್ರ ಯಾರೂ ನಂಬವಲ್ಲರು, ಅದಕ್ಕ ಬರದು ಇಡತೀನಿ. ಮೂರನೇ ಇಯತ್ತೆತನಕ ಸಾಲಿ ಕಲತಾಕಿ ನಾನು. ಅಕ್ಷರ ಸೊಟ್ಟ ಇದ್ರ ನೀವ ನೆಟ್ಟಗ ಮಾಡಿಕೊಂಡು ಓದ್ರಿ.

ಸೊಸಿ ಹೆಸರು ಶಾಂತವ್ವ. ಕುಷ್ಟಗಿ ಕಡೆ ದಾಳಿಂಬರಿ ತೋಟಕ್ಕ ಕೆಲಸಕ್ಕ ಹೋಗತಾಳ. ಹೂವು ಇದ್ದಲ್ಲೆ ಜೇನುಹುಳ ಇದ್ದ ಇರತಾವ. ಒಂದು ದಿನ ಒಂದು ಹುಳ ಆಕಿ ಕುತ್ತಿಗಿಗೆ ಕಡೀತು. ಮನಿಗೆ ಬಂದು ಗ್ವಾಡಿಗೆ ಆತು ಕುಂತಳು. "ಒಂದು ಹುಳ ಕಡದದ್ದಕ್ಕ ಇಷ್ಟು ಸೋಗು ಯಾಕಬೇ?" ಅಂದು ನಾನು ಎಲಿ ಚೀಲದಾಗಿನ ಸುಣ್ಣ ಹಚ್ಚಿದೆ. ಮೈತುಂಬ ದದ್ದು ಎದ್ದುವು. ಪಿತ್ತ ಅಂತ ಹೇಳಿ ಕಂಬಳಿ ತಂದು ತಿಕ್ಕಿದೆ. ನಮ್ಮ ಕಡೆ ಮೈಮ್ಯಾಲೆ ಏನ ಎದ್ರೂ ಕಂಬಳಿ ಒಂದ ಔಷಧ. ಕುರಿನ ನಮಗ ಅರ್ಧ ಡಾಕ್ಟರ ಇದ್ದಂಗ. ತುಟಿ ಬಾತು, ದನಿ ಒಡದು, "ಅತ್ತಿ, ಉಸರು ಬರವಲ್ಲದು" ಅಂದಾಗ ಕಂಬಳಿ ಕೈಬಿಟ್ಟೆ. ಟಂಟಂ ಹಿಡದು ದವಾಖಾನಿ ಮುಟ್ಟೂದರಾಗ ಆಕಿ ಮಾರಿ ನನಗ ಗುರುತು ಸಿಗದಂಗ ಆಗಿತ್ತು. ತೊಡಿಗೆ ಒಂದು ಸೂಜಿ ಮಾಡಿದರು. ಒಂದು ಚಾ ಕುಡಿಯೂ ಹೊತ್ತಿನಾಗ ಉಸರು ಹಾದಿಗೆ ಬಂತು. ನಾನು ಕುರಿ ಮ್ಯಾಲಿನ ಭರವಸಿ ಅವತ್ತ ಬಿಟ್ಟೆ.

ಅದಕ್ಕ ಅಲರ್ಜಿ ಅಂತಾರಂತ. ಮತ್ತೊಮ್ಮೆ ಕಡದ್ರ ಇನ್ನೂ ಜೋರು ಆಗಬೌದು, ಹೂವಿನ ಸನೇಕ ಹೋಗಬ್ಯಾಡ ಅಂದರು ಡಾಕ್ಟರು. ದಾಳಿಂಬರಿ ತೋಟದಾಗ ಹೂವು ಬಿಟ್ಟು ಎಲ್ಲಿ ನಿಂದರಬೇಕು? ಅದನ್ನ ಕೇಳಿ ಅವರು, ಹಂಗಾರ ಔಷಧ ಈಕಿ ಹೋದಲ್ಲೆಲ್ಲ ಹೋಗಬೇಕು ಅಂತ ಬರದು ಕೊಟ್ಟರು. ಎರಡು ಸಣ್ಣ ಗಾಜಿನ ಶೀಶೆ, ಎರಡು ಸಿರಿಂಜು, ಎಷ್ಟು ತುಂಬಬೇಕು ಅನ್ನೂದಕ್ಕ ಸಿರಿಂಜಿನ ಮ್ಯಾಲೆ ಅವರ ಹಾಕಿದ ಗೆರಿ, ಗುಳಿಗಿ, ಹತ್ತಿ, ದಪ್ಪ ಅಕ್ಷರದಾಗ ಬರದ ಒಂದು ಚೀಟಿ, ಎಲ್ಲಾ ಒಂದು ಡಬ್ಬಿಯಾಗ. ನರ್ಸಬಾಯಿ ಒಂದ ಮಾತು ಮೂರು ಸಲ ಹೇಳಿದಳು: "ಉಸರಿಗೆ ತ್ರಾಸ ಆದ್ರ, ಕಣ್ಣಿಗೆ ಕತ್ತಲಿ ಬಂದ್ರ ಗುಳಿಗಿ ನುಂಗಿಸಿಗೋತ ಕುಂದರಬ್ಯಾಡ್ರಿ. ಮೊದಲ ತೊಡಿಗೆ ಸೂಜಿ, ಆಮ್ಯಾಲೆ ಒಂದುನೂರಾ ಎಂಟಕ್ಕ ಫೋನು. ಮಲಗಸ್ರಿ, ನಡಸಬ್ಯಾಡ್ರಿ."

ಕಲಿಯಾಕ ಬದನಿಕಾಯಿಗೆ ನೀರು ಚುಚ್ಚರಿ ಅಂದಳು. ನನ್ನ ಮಗ ಹೋರಿಗೆ ಮೂಗುದಾರ ಹಾಕೂ ಗಂಡಸು, ಬದನಿಕಾಯಿಗೆ ಸೂಜಿ ಹೋಗೂದು ನೋಡಿ ಕಣ್ಣು ಮುಚ್ಚಿದ. ನಾನೂ ಶಾಂತವ್ವನೂ ಆರು ಬದನಿಕಾಯಿಗೆ ಇಲಾಜ ಮಾಡಿದಿವಿ. ಅವತ್ತಿನ ಎಣ್ಣಿಗಾಯಿ ನೀರು ನೀರು ಆತು. "ಅತ್ತಿ, ಇವು ಇನ್ನ ಸಾಯಂಗಿಲ್ಲ ಬಿಡ್ರಿ" ಅಂದು ಆಕಿ ಉಂಡಳು.

ಇನ್ನ ಡಬ್ಬಿ ಎಲ್ಲಿಡೂದು? ಇಲ್ಲೆ ನೋಡ್ರಿ ನನ್ನ ಶಾಣ್ಯಾತನ. ನಮ್ಮ ಮನ್ಯಾಗ ಮುಖ್ಯ ಅನಿಸಿದ್ದೆಲ್ಲ ದೇವರ ಜಗಲಿಗೆ ಹೋಗತೈತಿ. ಹೊಲದ ಪಹಣಿ, ಮೊಮ್ಮಗಳ ಮಾರ್ಕ್ಸ್ ಕಾರ್ಡು, ಹೊಸ ಬೀಜದ ಪಾಕೀಟು. ಒಮ್ಮೆ ಕನ್ನಡಕ ಹಾಕ್ಕೊಳ್ಳದೇ ಕರೆಂಟ್ ಬಿಲ್ಲಿಗೂ ಕುಂಕುಮ ಹಚ್ಚೀನಿ. ಜೀವ ಉಳಸೂ ಔಷಧಕ್ಕ ಮತ್ತ ಬ್ಯಾರೆ ಜಾಗ ಐತೇನು? ಡಬ್ಬಿಗೆ ವಿಭೂತಿ ಹಚ್ಚಿ ಜಗಲಿ ಮ್ಯಾಲೆ ಇಟ್ಟೆ. ದಿನಾ ಮುಂಜಾನೆ ಆಕಿ ಬುತ್ತಿ ಕಟಗೊಂಡು, ಡಬ್ಬಿ ತಗೊಂಡು ಹೋಗೂದು, ಸಂಜಿಗೆ ತಂದು ಅಲ್ಲೇ ಇಡೂದು. ಹತ್ತೊಂಬತ್ತು ದಿನ ಛಲೋ ನಡೀತು.

ಇಪ್ಪತ್ತನೇ ದಿನ ಮಗನ ಫೋನಿಗೆ ತೋಟದಿಂದ ಸುದ್ದಿ ಬಂತು: ಶಾಂತವ್ವಗ ಮತ್ತ ಹುಳ ಕಡದಾವ, ತೋಟದವರ ಜೀಪಿನಾಗ ಕುಷ್ಟಗಿಗೆ ಒಯ್ದಾರ. "ಡಬ್ಬಿ?" ಅಂತ ಕೇಳಿದೆ. "ತಂದಿಲ್ಲಂತ" ಅಂದ. ತಿರುಗಿ ನೋಡಿದೆ. ಡಬ್ಬಿ ಜಗಲಿ ಮ್ಯಾಲೆ ಕುಂತಿತ್ತು, ನೆತ್ತಿ ಮ್ಯಾಲೆ ಒಂದು ದಾಸಾಳ ಹೂವು. ಆ ಹೂವು ಮುಂಜಾನೆ ಏರಿಸಿದಾಕಿ ನಾನ. ಸೊಸಿ ತೋಟಕ್ಕ ಹೋಗ್ಯಾಳ, ಡಬ್ಬಿ ಇಲ್ಲೇ ಐತಿ ಅನ್ನೂದು ಹೂವು ಏರಿಸೂ ಕೈಗೂ ಹೊಳೀಲಿಲ್ಲ, ತಲಿಗೂ ಹೊಳೀಲಿಲ್ಲ.

ಡಬ್ಬಿ ಉಡಿಯಾಗ ಕಟಗೊಂಡು ದವಾಖಾನಿಗೆ ಹೋದೆ. ಆಕಿ ಜೀವ ಇತ್ತು. ಜೀಪು ಇನ್ನ ಹತ್ತು ಮಿನಿಟು ತಡ ಮಾಡಿದ್ರ ಇರತಿರಲಿಲ್ಲ ಅಂದರು. ಡಾಕ್ಟರು ಸಿಟ್ಟಿಲೆ ಕೇಳಿದರು, "ಔಷಧ ಯಾಕ ಬಿಟ್ಟು ಹೋಗಿದ್ದಿ ಯವ್ವಾ?" ಶಾಂತವ್ವ ನನ್ನ ಕಡೆ ನೋಡಲಿಲ್ಲ. "ಮರತೆರಿ" ಅಂದಳು. ಮಗ ಅಲ್ಲೇ ಬೈಯಾಕ ಹತ್ತಿದ.

ಹನ್ನೊಂದು ವರ್ಷ ಆಕಿ ಕೂಡ ಬಾಳೇ ಮಾಡೀನಿ. ನಾನು ಕನ್ನಡಕ ಎಲ್ಲಿಟ್ಟೀನಿ ಅನ್ನೂದನ್ನ ನೆನಪಿಡೂ ಹೆಣ್ಣು ಅದು. ಮರಿಯೂ ಪೈಕಿ ಅಲ್ಲ. ಮಗನ್ನ ಚಾ ತರಾಕ ಕಳಿಸಿ ಕೇಳಿದೆ, "ಖರೇ ಹೇಳು."

ಹೊದಿಕಿ ಅಂಚು ತಿರುವಿಕೋತ ಹೇಳಿದಳು: "ಮುಟ್ಟಾಗೀನ್ರಿ, ನಿನ್ನೆ ರಾತ್ರಿಯಿಂದ. ಜಗಲಿ ಹ್ಯಾಂಗ ಮುಟ್ಟಲಿ?"

"ನನಗ ಕೇಳಿದ್ರ ತಗದು ಕೊಡತಿದ್ನೆಲ್ಲ?"

"ನೀವು ಹಾಲು ಹಾಕಾಕ ಡೇರಿಗೆ ಹೋಗಿದ್ರಿ. ಟಂಟಂದವ ಹಾರ್ನ್ ಹೊಡಿಯಾಕ ಹತ್ತಿದ್ದ. ನಿಮ್ಮ ಮಗಗ ಹೇಳಾಕ ನಾಚಿಕಿ ಬಂತು."

ಮುಟ್ಟಾದಾಕಿ ರೊಟ್ಟಿ ಬಡೀಬೌದು, ಕೆಲಸಕ್ಕ ಹೋಗಬೌದು, ಜಗಲಿ ಮಾತ್ರ ಮುಟ್ಟಂಗಿಲ್ಲ. ಈ ಕಾಯ್ದೆ ನಮ್ಮ ಮನ್ಯಾಗ ನಂದ. ನನಗ ನಮ್ಮತ್ತಿ ಹೇಳಿದ್ದರು, ನಾನು ಈಕಿಗೆ ಹೇಳಿದೆ. ನಡುವ ಯಾರೂ ಯಾಕ ಅಂತ ಕೇಳಿಲ್ಲ. ಹೆಂಗಸಿನ ಔಷಧ ತಿಂಗಳಿಗೆ ಮೂರು ದಿನ ಹೆಂಗಸಿಗೇ ಸಿಗದಲ್ಲೆ ಇಟ್ಟಿದ್ದೆ ನಾನು, ಅದೂ ವಿಭೂತಿ ಹಚ್ಚಿ. ಹಂಗಿದ್ದೂ ಈಕಿ ತುಂಬಿದ ದವಾಖಾನಿಯಾಗ ಬೈಸಿಕೊಂಡಳು, ನನ್ನ ಹೆಸರು ತಗೀಲಿಲ್ಲ. ನಾನಾಗಿದ್ರ ತಗೀತಿದ್ದೆ. ಆಕಿಗೆ ಅದನ್ನೂ ಹೇಳಿದೆ. "ಗೊತ್ತೈತ್ರಿ" ಅಂದು ನಕ್ಕಳು. ನಗಾಕ ಉಸರು ಇತ್ತಲ್ಲ, ನನಗ ಅಷ್ಟ ಸಾಕಾತು.

ಸಂಜಿತನಕ ಇಟಗೊಂಡು ನೋಡಿ ಮನಿಗೆ ಕಳಿಸಿದರು.

ಮರುದಿನ ಮುಂಜಾನೆ ಜಳಕ ಮಾಡಿದೆ, ಪೂಜಿಗೆ ಕುಂದರಲಿಲ್ಲ. ಶಾಂತವ್ವನ್ನ ಕರದೆ. ಪಡಸಾಲಿತನಕ ಬಂದು ನಿಂತಳು.

"ಒಳಗ ಬಾ."

"ಇವತ್ತು ಮೂರನೇ ದಿನರಿ ಅತ್ತಿ."

"ದಿನ ಎಣಸಾಕ ನನಗೂ ಬರತೈತಿ. ಬಾ."

ಮಣಿಕಟ್ಟು ಹಿಡದು ಜಗಲಿ ಮುಂದ ನಿಲ್ಲಿಸಿ, "ನಿನ್ನ ಕೈಯಾರೆ ತಗೋ" ಅಂದೆ. ಆಕಿ ನನ್ನ ಮಾರಿ ನೋಡಿದಳು, ದೇವರ ಮಾರಿ ನೋಡಿದಳು, ಡಬ್ಬಿ ತಗೊಂಡಳು. ಅದನ್ನ ಒಂದು ಕೈಚೀಲಕ್ಕ ಹಾಕಿ, ಬಾಗಲ ಹಿಂದ ನೆರಳಿರೂ ಗೂಟಕ್ಕ ತೂಗಹಾಕಿದಿವಿ. ಆಮ್ಯಾಲೆ ನಾನು ಜಗಲಿ ಒರಸಿ ದೀಪ ಹಚ್ಚಿದೆ. ದೇವರಿಗೂ ಒಂದು ಕಾವಲು ಕಾಯೂ ಕೆಲಸ ಕಮ್ಮಿ ಆತು.