ಮಂಡಕಳ್ಳಿಯಿಂದ ಬಳ್ಳಾರಿಗೆ ಒಂದೂವರೆ ಗಂಟೆ

೧೯೫೬ರಲ್ಲಿ ನಾನು ಮೈಸೂರಿನ ಮಂಡಕಳ್ಳಿ ಏರೋಡ್ರೋಮ್‌ನಲ್ಲಿ, ವಿಮಾನ ಬಾಡಿಗೆಗೆ ಕೊಡುವ ಒಂದು ಸಣ್ಣ ಕಂಪನಿಯ ಟ್ರಾಫಿಕ್ ಅಸಿಸ್ಟೆಂಟ್ ಆಗಿದ್ದೆ. ಹೆಸರಷ್ಟೇ ಗ್ರ್ಯಾಂಡ್. ಇದ್ದದ್ದು ತಗಡಿನ ಶೆಡ್ಡು, ಒಂದು ಟೆಲಿಫೋನ್, ಎಂಟು ಸೀಟಿನ ಒಂದೇ ವಿಮಾನ. ಆದರೂ ಬೆಳಗಿನ ಬಿಸಿಲಲ್ಲಿ ಅದರ ರೆಕ್ಕೆ ಹೊಳೆಯುವುದು, ಓಹ್, ಎಷ್ಟು ಚೆಂದವಿತ್ತು!

ಬಳ್ಳಾರಿಯ ಏರ್‌ಫೀಲ್ಡ್ ಅಲ್ಲಿಂದ ಸುಮಾರು ಇನ್ನೂರು ಮೈಲಿ. ನಮ್ಮ ‘ಬ್ಲಾಕ್ ಟೈಮ್’, ಅಂದರೆ ಚಕ್ರಕ್ಕೆ ಒತ್ತುಕೊಟ್ಟ ಮರದ ತುಂಡನ್ನು ಇಲ್ಲಿ ತೆಗೆದಾಗಿನಿಂದ ಅಲ್ಲಿ ಮತ್ತೆ ಇಡುವವರೆಗಿನ ಹೊತ್ತು, ಒಂದೂವರೆ ಗಂಟೆ. ಮ್ಯಾನೇಜರ್ ಅದನ್ನು ಬೋರ್ಡಿನ ಮೇಲೆ ಕೆಂಪಕ್ಷರದಲ್ಲಿ ಬರೆಸಿದ್ದರು. ರೈಲಿನಲ್ಲಾದರೆ ಒಂದು ರಾತ್ರಿ, ಅದರ ಮೇಲೆ ಮುಕ್ಕಾಲು ಹಗಲು.

ಆ ಸೋಮವಾರ ವಿಮಾನ ಬಾಡಿಗೆಗೆ ಹಿಡಿದವರು ಕಂಟ್ರಾಕ್ಟರ್ ಚೆನ್ನಪ್ಪನವರು. ಸಂಜೆ ಬಳ್ಳಾರಿಯಲ್ಲಿ ಅವರಿಗೆ ಸನ್ಮಾನ. ಖಾಲಿ ಸೀಟೊಂದನ್ನು ಸ್ಕೂಲ್ ಟೀಚರ್ ಸರೋಜಮ್ಮನಿಗೆ ಕೊಟ್ಟಿದ್ದರು. ಕೊಟ್ಟೆ ಎಂದು ಊರಿಗೆಲ್ಲ ಹೇಳಿಕೊಂಡೂ ಬಂದಿದ್ದರು. ಕೆಲಸದ ಜಾಗದಲ್ಲಿ ತೊಲೆ ಬಿದ್ದು ಸರೋಜಮ್ಮನ ಗಂಡ ಬಳ್ಳಾರಿಯ ಆಸ್ಪತ್ರೆ ಸೇರಿದ್ದರು. ಹನ್ನೊಂದಕ್ಕೆ ಆಪರೇಷನ್, ಉಳಿಯುವ ಭರವಸೆಯಿಲ್ಲ ಎಂದು ಟೆಲಿಗ್ರಾಂ ಬಂದಿತ್ತು. ಎಂಟಕ್ಕೆ ಹೊರಟರೆ ಆಕೆ ಗಂಡನನ್ನು ನೋಡಬಹುದಿತ್ತು.

ಎಂಟಕ್ಕೆ ಪೈಲಟ್ ರೆಡಿ. ಕಂಟ್ರಾಕ್ಟರ್ ಕುರ್ಚಿ ಬಿಟ್ಟು ಏಳಲಿಲ್ಲ.

“ಏಳೂವರೆಯಿಂದ್ಲೂ ರಾಹುಕಾಲ ಕಣಮ್ಮ. ಒಂಬತ್ತಾಗ್ಲಿ. ಆಮೇಲೆ ವಿಮಾನಕ್ಕೆ ಎಲ್ಡು ಕಾಯಿ ಒಡೆದು ಅತ್ತಾನ.”

“ಸರ್, ಹನ್ನೊಂದಕ್ಕೆ ಇವರ ಯಜಮಾನರ ಆಪರೇಷನ್...” ಎಂದೆ.

“ಒಂದೂವರೆ ಗಂಟೆ ಅಂತ ನೀವೇ ಬರ್ಸಿದ್ದೀರಲ್ಲ. ಇನ್ನೇನವಸರ?”

ಕೈಯಲ್ಲಿ ಫಾರಿನ್ ವಾಚು, ಕಾಯಿ ಒಡೆದು ಹೊರಡುವ ಒಂಬತ್ತೂವರೆಗೆ ಒಂದೂವರೆ ಕೂಡಿಸಲು ಬಾರದು. ಇಂಥ ತಲೆಗಳಿಗೆ ಸೇತುವೆ ಕಟ್ಟಲು ಕೊಡುತ್ತಿದ್ದರು! ನಮ್ಮ ಮ್ಯಾನೇಜರ್ ಇನ್ನೂ ಒಂದು ಕೈ ಮೇಲೆ. “ಹೌದು ಸಾರ್, ಶಾಸ್ತ್ರ ಶಾಸ್ತ್ರವೇ ಸಾರ್” ಎಂದು ಕಾಫಿಗೆ ಹೇಳಿದರು. ಸರೋಜಮ್ಮ ಬೆಂಚಿನ ತುದಿಯಲ್ಲಿ ಕೂತು ಆ ಕೆಂಪಕ್ಷರಗಳನ್ನೇ ನೋಡುತ್ತಿದ್ದರು.

ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಲಾಜಿಕ್ ಅಲ್ಲಿ ನಡೆಯುವಂತಿರಲಿಲ್ಲ. ನೆನಪಾದದ್ದು ವಿದ್ಯಾರಣ್ಯಪುರಂನ ನನ್ನಜ್ಜಿ. ಹೊರಡುವ ಗಳಿಗೆ ಸರಿಯಿಲ್ಲದಿದ್ದರೆ ಆಕೆ ಒಳ್ಳೆಯ ಹೊತ್ತು ನೋಡಿ ಮೊದಲೇ ಒಂದು ಗಂಟನ್ನು ಪಕ್ಕದ ಮನೆಯಲ್ಲಿ ಇಟ್ಟುಬರುತ್ತಿದ್ದಳು. ಅದು ಪ್ರಸ್ಥಾನ, ಗಂಟು ಹೊರಟರೆ ಮನುಷ್ಯ ಹೊರಟಂತೆಯೇ. ಕಂಟ್ರಾಕ್ಟರ ಪೆಟ್ಟಿಗೆಯನ್ನು ಡ್ರೈವರ್ ಏಳು ಗಂಟೆಗೇ ವಿಮಾನಕ್ಕೆ ಹಾಕಿದ್ದ. ಮಗನನ್ನು ಕಳಿಸಲು ಬಂದಿದ್ದ ಅವರ ತಾಯಿಯ ಬಳಿಗೆ ಹೋದೆ.

“ಅಜ್ಜಿ, ರಾಹುಕಾಲಕ್ಕೆ ಮುಂಚೆಯೇ ಇವರ ಪೆಟ್ಟಿಗೆ ವಿಮಾನ ಹತ್ತಿದೆ. ಪ್ರಸ್ಥಾನ ಆದ ಹಾಗಲ್ಲವಾ?”

ಮುದುಕಿ ಮಗನ ಕಡೆ ತಿರುಗಿದಳು. “ಪೆಟ್ಟಿಗೆ ಆಗ್ಲೇ ಒಂಟದೆ, ನೀನ್ಯಾಕ್ಲಾ ಇನ್ನೂ ಕುಂತಿದ್ದೀಯ? ಅದಕ್ಕಿರೋ ಬುದ್ಧಿ ನಿಂಗಿಲ್ವಲ್ಲೋ! ವಿಮಾನ ಅತ್ತು!”

ಎಂಟೂಕಾಲಿಗೆ ವಿಮಾನ ಮೇಲೇರಿತು.

ಸರೋಜಮ್ಮನ ಗಂಡ ಆಪರೇಷನ್ ನಂತರ ಕಣ್ಣು ತೆರೆಯಲಿಲ್ಲ. ಕೆಲವು ವಾರಗಳಾದ ಮೇಲೆ ಆಕೆ ಶೆಡ್ಡಿಗೆ ಬಂದರು. “ಅರ್ಧ ಗಂಟೆ ಸಿಕ್ತು ಮಿಸ್. ನಾನು ವಿಮಾನದಲ್ಲಿ ಬಂದೆ ಅಂದ್ರೆ ನಂಬ್ಲೇ ಇಲ್ಲ ಕಣ್ರೀ ಅವ್ರು. ಸುಳ್ಳಿ ಅಂತ ನಕ್ಕರು.”

ಕಂಟ್ರಾಕ್ಟರು ಸನ್ಮಾನದ ಭಾಷಣದಲ್ಲಿ, ಒಬ್ಬ ಸತಿಯನ್ನು ಪತಿಯ ಬಳಿ ಸೇರಿಸಲೆಂದೇ ತಾವು ವಿಮಾನ ತರಿಸಿದ್ದಾಗಿ ಹೇಳಿದರಂತೆ. ಸಭೆಯಲ್ಲಿ ಎಲ್ಲರಿಗೂ ಕಣ್ಣೀರಂತೆ. ಡಿಸ್ಗಸ್ಟಿಂಗ್.

ಆಮೇಲೆ ಎಷ್ಟೋ ವರ್ಷ ಅದೇ ಕೆಲಸ ಮಾಡಿದೆ. ಎಷ್ಟು ಹೊತ್ತಿನ ದಾರಿ ಎಂದು ಯಾರಾದರೂ ಕೇಳಿದರೆ ಬೋರ್ಡು ನೋಡುತ್ತಿರಲಿಲ್ಲ. ಕುರ್ಚಿಯಲ್ಲಿ ಯಾರು ಕೂತಿದ್ದಾರೆ ಎಂದು ಮೊದಲು ನೋಡುತ್ತಿದ್ದೆ.