ಸಿ ವಿಭಾಗದ ತೆಳ್ಳನೆಯ ಪುಸ್ತಕ

ಮಗಳು ಹತ್ತನೇ ತರಗತಿಯಲ್ಲಿದ್ದಾಗ ಶಾಲೆಯಿಂದ ಒಂದು ತೆಳ್ಳನೆಯ ಜೆರಾಕ್ಸ್ ಪುಸ್ತಕ ತಂದಳು. ಎಲ್ಲರಿಗೂ ಕೊಟ್ಟಿರಲಿಲ್ಲ, ಅವಳ ಸಿ ವಿಭಾಗಕ್ಕೆ ಮಾತ್ರ. ನಾನು ಹಿಗ್ಗಿಹೋದೆ. ಶರಣರ ಗುಡಿಗೆ ಹೋಗಿ ಕಾಯಿ ಒಡೆಸಿದೆ. ಅಷ್ಟಕ್ಕೇ ಬಿಡದೆ ಕಮಲಾಪುರದ ತವರಿಗೆ ಹೋಗಿ ಕೆಂಪು ಬಾಳೆಹಣ್ಣು ತಂದೆ. ಬಸ್ಸಿನ ನೂಕುನುಗ್ಗಲಿನಲ್ಲಿ ನಜ್ಜಾಗದಂತೆ ತೊಡೆಯ ಮೇಲಿಟ್ಟುಕೊಂಡು ಕಲಬುರಗಿಗೆ ಬಂದು, ಅವಳ ಕ್ಲಾಸಿಗೆ ಪಾಠ ಹೇಳುವ ಅಕ್ಕೋರಿಗೆ ಕೊಟ್ಟೆ. ಯಾಕೆಂದು ಅವರು ಕೇಳಲಿಲ್ಲ, ತೆಗೆದುಕೊಂಡರು. ಅದು ಅವರ ದೊಡ್ಡತನ.

ಪಕ್ಕದ ಮನೆಯ ಬೀಬಿಗೆ ಹೇಳಿದರೆ ಬಿದ್ದು ಬಿದ್ದು ನಕ್ಕಳು. ಹಿಂದಿನ ವರ್ಷ ಅವಳ ಮಗನಿಗೂ ಅದೇ ಪುಸ್ತಕ ಸಿಕ್ಕಿತ್ತು.

"ಅರೇ ಅಕ್ಕಾ, ಕಾಯಿ ಬೇರೆ ಒಡೆಸಿದಿಯೇನ? ಅದು ದಡ್ಡರಿಗಿ ಕೊಡೂ ಪುಸ್ತಕ. ಪಾಸಾಗೂವಷ್ಟೇ ಅದರಾಗ ಇರ್ತದ. ಉಳಿದ ಪಾಠ ಮಾಡೂದೇ ಇಲ್ಲ."

ಮಗಳನ್ನು ಕೇಳಿದೆ. ತಲೆ ತಗ್ಗಿಸಿಕೊಂಡು, "ಹೌದವ್ವಾ. ತ್ರಿಕೋನಮಿತಿ ಕೇಳಿದ್ರ, ಅದು ನಿಮಗಲ್ಲ ಅಂತಾರ," ಎಂದಳು. ಪಿಯುಸಿಗೆ ಸೈನ್ಸ್ ಓದಬೇಕೆಂದು ಕೂತವಳು.

ಇವಳನ್ನು ಸಿ ವಿಭಾಗಕ್ಕೆ ಹಾಕಿದ್ದು ಎಂಟನೆಯದಕ್ಕೆ ಸೇರಿಸಿದ ದಿನವೇ. ಅಂದು ಅವಳಿಗೆ ಒಂದು ಲೆಕ್ಕವನ್ನೂ ಕೇಳಲಿಲ್ಲ, ಅಪ್ಪನ ಕೆಲಸ ಕೇಳಿದರು. ನೆಹರು ಗಂಜ್ ಮಾರುಕಟ್ಟೆಯಲ್ಲಿ ಹಮಾಲಿ ಎಂದೆ. ಪೆನ್ನು ಆಗಲೇ ಸಿ ಬರೆದಾಗಿತ್ತು. ಎ ವಿಭಾಗದಲ್ಲಿ ಡಾಕ್ಟರ, ಇಂಜಿನಿಯರರ ಮಕ್ಕಳು. ಗಂಜಿನಲ್ಲಾದರೂ ತೊಗರಿಗೆ ಇಷ್ಟು ಅನ್ಯಾಯವಿಲ್ಲ, ಚೀಲ ಬಿಚ್ಚಿ ಕಾಳು ನೋಡಿದ ಮೇಲೇ ದರ ಹೇಳುತ್ತಾರೆ.

ಮಗಳ ಮಾತು ಕೇಳಿದ ಮರುದಿನ ಶಾಲೆಗೆ ಹೋದೆ.

"ನಿಮ್ಮಂಥ ಮನಿ ಮಕ್ಕಳು ಪಾಸಾದರ ಸಾಕಲ್ರೀ," ಅಂದರು ಅಕ್ಕೋರು, ಬಹಳ ಪ್ರೀತಿಯಿಂದ.

"ಹಂಗಾದರ ಒಂದು ಚೀಟಿ ಬರೆದು ಕೊಡ್ರೀ ಅಕ್ಕೋರೇ. ಈ ಹುಡುಗಿಗೆ ತ್ರಿಕೋನಮಿತಿ ಬರೂದಿಲ್ಲಂತ. ಕೆಳಗ ಸಹಿ ಮಾಡ್ರಿ."

"ಹಂಗೆಲ್ಲ ಬರೆದು ಕೊಡಾಕ ಬರೂದಿಲ್ರೀ!"

"ಬರೆಯಾಕ ಬರಲಾರದ್ದು ಹೇಳಾಕ ಹ್ಯಾಂಗ ಬರ್ತದ್ರಿ?"

ಅವರು ಹೆಡ್‌ಮಾಸ್ತರರ ಕೋಣೆಗೆ ಹೋದರು. ನಾನು ಹೊರಗಿನ ಕಟ್ಟೆಯ ಮೇಲೆ ಕೂತು ಜಪ ಮಾಡಿದೆ. ಊಟದ ಗಂಟೆ ಹೊಡೆಯಿತು, ಏಳಲಿಲ್ಲ. ಕಡೆಗೆ ಹೊರಬಂದ ಅಕ್ಕೋರು, ಎ ವಿಭಾಗದಲ್ಲಿ ಜಾಗವಿಲ್ಲ, ಕೊನೆಯ ಬೆಂಚಿನಲ್ಲಿ ನಾಲ್ಕನೆಯವಳಾಗಿ ಕೂರಲಿ ಎಂದರು. ಅರ್ಧ ಬೆಂಚಿನ ಮೇಲೆ, ಅರ್ಧ ಗಾಳಿಯಲ್ಲಿ. ಅದೂ ದೇವರ ದಯವೇ.

ನಾಲ್ಕು ದಿನ ಬಿಟ್ಟು ಮಗಳು ಓಡಿ ಬಂದಳು.

"ಅವ್ವಾ, ಎ ವಿಭಾಗದಾಗ ತಿಳೀಲಿಲ್ಲ ಅಂದ್ರ ಗಣಿತದ ಸರ್ ಮತ್ತೊಮ್ಮೆ ಹೇಳ್ತಾರ! ಬೈಯೂದಿಲ್ಲ!"

ಅದೇ ಸರ್ ಸಿ ವಿಭಾಗಕ್ಕೂ ಬರುತ್ತಾರೆ. ನಡುವಿನ ಗೋಡೆ ದಾಟುವಷ್ಟರಲ್ಲಿ ಅವರಿಗೆ ತಾಳ್ಮೆ ಬರುತ್ತದೆಂದು ಕಾಣುತ್ತದೆ.

ಆ ಸಂಜೆ ಸಿ ವಿಭಾಗದ ಅವಳ ಗೆಳತಿ ಬಂದಳು. ಅವಳ ತಾಯಿ ದಿನವಿಡೀ ಕೂಲಿಗೆ ಹೋಗುವವಳು, ಶಾಲೆಯ ಕಟ್ಟೆಯ ಮೇಲೆ ಕೂರಲು ಪುರಸೊತ್ತಿಲ್ಲ. ಆ ಹುಡುಗಿ ನನ್ನ ಮಗಳ ಗಣಿತದ ನೋಟುಬುಕ್ಕನ್ನು ದುಪಟ್ಟಾದಲ್ಲಿ ಸುತ್ತಿ, ಕದ್ದ ಮಾಲಿನಂತೆ ಕಂಕುಳಲ್ಲಿಟ್ಟುಕೊಂಡು, "ಅಕ್ಕೋರಿಗಿ ಹೇಳಬ್ಯಾಡ್ರೀ ಚಿಗವ್ವಾ," ಎಂದು ಹೋದಳು.